ಗೋಡೆ ಹಗ್ಗದ ಟವೆಲು

ಚಿಕ್ಕಮ್ಮನ ಲಾಂಡ್ರಿಯಲ್ಲಿ ಕಟ್ಟುನಿಟ್ಟು ಅಂತ ಇದ್ದದ್ದು ಒಂದೇ. ಸೋಪು ಹೆಚ್ಚಾಗಲಿ, ಇಸ್ತ್ರಿಯ ಮಡಿಕೆ ಆಚೀಚೆಯಾಗಲಿ, ಗೊಣಗಿ ಸುಮ್ಮನಾಗುತ್ತಿದ್ದಳು. ಆದರೆ ಗಿರಾಕಿಯ ಬಟ್ಟೆಯೊಂದು ತಪ್ಪಿ ಗೋಡೆ ಹಗ್ಗದ ಮೇಲೆ ಬಿತ್ತೋ, ಅವತ್ತು ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ.

ಹಿತ್ತಲಿನ ಒಳಗೆ, ಎತ್ತರದ ಇಟ್ಟಿಗೆ ಗೋಡೆಗೆ ಒತ್ತಿಕೊಂಡಂತೆ ಕಟ್ಟಿದ್ದು ಗೋಡೆ ಹಗ್ಗ. ಮನೆಯವರ ಬಟ್ಟೆಗೆಲ್ಲ ಅದೇ ಗತಿ. ಹಿತ್ತಲ ಬಾಗಿಲು ದಾಟಿದರೆ ಅಗಲವಾದ ಖಾಲಿ ಬಯಲು. ಅಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಎಳೆದಿದ್ದರು. ಗೋಡೆಯಿಂದ ದೂರವಿದ್ದ ಆ ತುದಿಯ ಹಗ್ಗಗಳು ಗಿರಾಕಿಗಳಿಗೆ ಮೀಸಲು. ಬೀದಿಯ ಕೊನೆಯಲ್ಲಿದ್ದ ಲಾಡ್ಜಿನ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಬಿಳಿ ಟವೆಲುಗಳೆಲ್ಲ ಅಲ್ಲಿ ಬಿಸಿಲು ಕುಡಿದು ಗರಿಗರಿಯಾಗಿ ಬರುತ್ತಿದ್ದವು.

ಗೋಡೆಯ ಆಚೆ ಕಸದ ಕೇಂದ್ರ. ಊರಿನ ಓಣಿ ಓಣಿಯಿಂದ ಸಣ್ಣ ಗಾಡಿಗಳು ಕಸ ತಂದು ಅಲ್ಲಿ ಸುರಿಯುತ್ತವೆ. ಅದನ್ನು ಒತ್ತಿ, ದೊಡ್ಡ ಲಾರಿಗಳಿಗೆ ತುಂಬಿ ಊರಾಚೆಗೆ ಕಳಿಸುತ್ತಾರೆ. "ಕಸ ನಮ್ಮಲ್ಲಿ ಉಳಿಯಲ್ಲ ಸ್ವಾಮಿ, ಬಂದು ಹೋಗ್ತದೆ. ಬಸ್‌ಸ್ಟ್ಯಾಂಡಲ್ಲಿ ಪ್ರಯಾಣಿಕರು ಇದ್ದ ಹಾಗೆ" ಎಂದು ಕೇಂದ್ರದ ಸೂಪರ್‌ವೈಸರು ಎಲ್ಲರಿಗೂ ಹೇಳುತ್ತಿದ್ದ.

"ಪ್ರಯಾಣಿಕರೇನೋ ಹೋಗ್ತಾರಪ್ಪ, ಅವರ ವಾಸನೆ ಇಲ್ಲೇ ರೂಮು ಮಾಡ್ಕೊಂಡು ಕೂತಿದೆಯಲ್ಲ" ಎಂದು ಬೀದಿಯ ಬೇಕರಿಯವನು ಚುಚ್ಚಿದರೆ ಸೂಪರ್‌ವೈಸರೂ ನಗುತ್ತಿದ್ದ. ಕೆಟ್ಟವನಲ್ಲ. ಅವನ ಖಾಕಿ ಅಂಗಿಗಳೂ ಚಿಕ್ಕಮ್ಮನ ಕೈಯಲ್ಲೇ ಒಗೆಸಿಕೊಳ್ಳುತ್ತಿದ್ದವು.

ಈಗ ಆ ಬಯಲಿಗೇ ಕುತ್ತು ಬಂದಿತ್ತು. ಕೇಂದ್ರ ಸಾಲುತ್ತಿಲ್ಲ, ಬಯಲನ್ನೂ ಸೇರಿಸಿಕೊಂಡು ದೊಡ್ಡ ಶೆಡ್ಡು ಕಟ್ಟುತ್ತೇವೆ ಎಂದು ನಗರಸಭೆಯವರು ಬೋರ್ಡು ನೆಟ್ಟು ಹೋಗಿದ್ದರು. ಜಾಗ ಅವರದ್ದೇ, ಖಾಲಿ ಬಿದ್ದಿದೆಯಲ್ಲ ಎಂದು ಇಷ್ಟು ವರ್ಷ ಹಗ್ಗ ಕಟ್ಟಿಕೊಳ್ಳಲು ಬಿಟ್ಟಿದ್ದರು, ಅಷ್ಟೆ. ಬಯಲು ಹೋದರೆ ಚಿಕ್ಕಮ್ಮನಿಗೆ ಉಳಿಯುವುದು ಗೋಡೆ ಹಗ್ಗವೊಂದೇ. ಅಲ್ಲಿ ಒಣಗಿದ ಹೊದಿಕೆಯನ್ನು ಯಾವ ಲಾಡ್ಜಿನವನು ಮುಟ್ಟುತ್ತಾನೆ? ಲಾಂಡ್ರಿಗೆ ಬಾಗಿಲು ಹಾಕುವುದೇ ಸರಿ.

ಚಿಕ್ಕಮ್ಮನಿಗೆ ಅದು ಬರೀ ಲಾಂಡ್ರಿಯಲ್ಲ. ಅಕ್ಕ ತೀರಿಕೊಂಡಾಗ ಅವಳ ಮಗಳನ್ನು ಸೊಂಟದ ಮೇಲೆ ಹೊತ್ತು ತಂದವಳು, ಆ ಒಗೆಯುವ ಕಲ್ಲಿನ ಬಲದಿಂದಲೇ ಹುಡುಗಿಯನ್ನು ಪದವಿಯವರೆಗೆ ಓದಿಸಿದ್ದಳು. ಹುಡುಗಿಗೆ ಬೀದಿಯವರು ಇಟ್ಟ ಹೆಸರು ಮೆತ್ತಕ್ಕ. ಮಾತು ಅಷ್ಟು ಮೆತ್ತಗೆ. ಅಂಗಡಿಗೆ ಹೋಗಿ ಒಂದು ಬ್ರೆಡ್ಡು ಕೇಳಿದರೆ ಬೇಕರಿಯವನು ಕಿವಿಗೆ ಕೈ ಅಡ್ಡ ಹಿಡಿದು, "ಏನಮ್ಮಾ, ಬ್ರೆಡ್ಡು ಬೇಕು ಅಂದ್ಯಾ, ಇಲ್ಲಾ ನನ್ನ ಮೇಲೆ ಬೈಗುಳವಾ?" ಎಂದು ಕಾಡಿಸುತ್ತಿದ್ದ. ಅವಳು ಕೆಂಪಾಗಿ, ಬೆರಳು ತೋರಿಸಿ, ಬ್ರೆಡ್ಡು ಹಿಡಿದು ಓಡಿಬರುತ್ತಿದ್ದಳು.

ಇಂಥವಳನ್ನು ನಿವೃತ್ತ ಮೇಷ್ಟ್ರು ಶೆಡ್ಡಿನ ವಿರುದ್ಧ ಬೀದಿಯ ಪರವಾಗಿ ಮಾತಾಡಲು ಆರಿಸಿದ್ದರು. ಬೀದಿಯ ವಿರೋಧಕ್ಕೆಲ್ಲ ಮೇಷ್ಟ್ರೇ ಮುಂದಾಳು. "ನಮ್ಮಲ್ಲಿ ಓದಿದವಳು ನೀನೊಬ್ಬಳು. ನಾನು ಮಾತಾಡಿದರೆ ಮುದುಕ ಪಾಠ ಹೇಳ್ತಿದಾನೆ ಅಂತಾರೆ. ಬೇಕರಿಯವನು ಬಾಯಿ ತೆಗೆದರೆ ಜಗಳ. ನೀನೇ ಸರಿ" ಅಂದಿದ್ದರು. ಮೊದಲ ಸಭೆಯಲ್ಲಿ ಅವಳು ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿದರು. ಮಾತು ಗಂಟಲಿನವರೆಗೆ ಬಂದು, ಅಲ್ಲಿಯ ಜನಸಂದಣಿ ನೋಡಿ ವಾಪಸು ಹೋಯಿತು. ಕುಳಿತುಬಿಟ್ಟಳು. ಯಾರೂ ನಗಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು.

ಅವಳ ಮನಸ್ಸಿನಲ್ಲಿ ಹೇಳಬೇಕಾದದ್ದು ಇರಲಿಲ್ಲವೆಂದಲ್ಲ. ಕಾಲೇಜಿಗೆಂದು ಮೊದಲ ಸಲ ಹಾಸ್ಟೆಲು ಸೇರಿದ ದಿನ, ಪೆಟ್ಟಿಗೆ ತೆಗೆದು ಬಟ್ಟೆ ಜೋಡಿಸುತ್ತಿದ್ದಾಗ ರೂಮಿನ ಹುಡುಗಿ ಕಿಟಕಿ ತೆರೆದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಬಹಳ ಮೆದುವಾಗಿ, "ನಿಮ್ಮ ಮನೆ ಹತ್ರ ಏನಾದ್ರೂ... ಕಸ ಗಿಸ ಹಾಕ್ತಾರಾ?" ಎಂದು ಕೇಳಿದ್ದಳು. ಆಗ ಮೆತ್ತಕ್ಕ ತನ್ನ ಚೂಡಿದಾರವನ್ನು ಮೂಗಿಗೆ ಹಿಡಿದಳು. ಬುದ್ಧಿ ಬಂದಾಗಿನಿಂದ ಉಟ್ಟು ತೊಟ್ಟ ವಾಸನೆ ಅವತ್ತು ಮೊದಲ ಸಲ ಅವಳಿಗೆ ಗೊತ್ತಾಯಿತು. ಚಿಕ್ಕಮ್ಮ ಎರಡು ಸಲ ಒಗೆದು, ಮಡಚಿ, ಮೇಲೆ ಕೈಯಾಡಿಸಿ ಕಳಿಸಿದ್ದ ಬಟ್ಟೆ. ಅವಳು ಅವಷ್ಟನ್ನೂ ಹಾಸ್ಟೆಲಿನ ನಲ್ಲಿಯ ಕೆಳಗೆ ಮತ್ತೆ ಒಗೆದಳು. ಈ ಸಂಗತಿಯನ್ನು ಮನೆಯಲ್ಲಿ ಹೇಳಲೇ ಇಲ್ಲ. ಓದು ಮುಗಿಸಿ ಮನೆಗೆ ಬಂದಾಗ ಕೆಲವು ದಿನ ಮೂಗು ಮುಚ್ಚಿಕೊಳ್ಳುವಂತಾಗಿತ್ತು. ಆಮೇಲೆ ಮೂಗು ಮರೆತೇಬಿಟ್ಟಿತು. ಬೀದಿಯವರೆಲ್ಲರ ಮೂಗಿನ ಹಾಗೆ.

ನಗರಸಭೆಯಿಂದ ಜಾಗ ನೋಡಲು ಮೇಲಧಿಕಾರಿಯೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಅವರು ಕಂಡದ್ದನ್ನು ಬರೆದ ಮೇಲೆಯೇ ಶೆಡ್ಡಿನ ತೀರ್ಮಾನವಂತೆ. ಮೇಷ್ಟ್ರು ಹಿಂದಿನ ಸಂಜೆ ಮನೆಮನೆಗೂ ಹೋಗಿ ತಾಕೀತು ಮಾಡಿದರು.

"ನೋಡ್ರೀ, ನಾಳೆ ಯಾರೂ ಕ್ಲೀನು ಗೀನು ಮಾಡಬೇಡಿ. ಬೀದಿ ದಿನಾ ಹೇಗಿರುತ್ತೋ ಹಾಗೇ ಇರಲಿ. ಬಂದವರು ಕಣ್ಣಾರೆ ನೋಡಲಿ."

"ಮೂಗಾರೆ ಅನ್ನಿ" ಎಂದ ಬೇಕರಿಯವನು.

"ಏನೋ ಒಂದು. ನೀನೂ ಅಷ್ಟೇ, ಕೈ ಕಟ್ಕೊಂಡು ಕೂತಿರು."

ಎಲ್ಲರೂ ತಲೆಯಾಡಿಸಿದರು. ಚಿಕ್ಕಮ್ಮನಂತೂ, "ಅಯ್ಯೋ, ಕೆಲಸ ಮಾಡಬೇಡಿ ಅಂತ ಹೇಳೋರು ಸಿಕ್ಕಿದ್ದೇ ನಮ್ಮ ಪುಣ್ಯ ಮೇಷ್ಟ್ರೇ" ಎಂದು ನಕ್ಕಳು.

ಬೆಳಗಾಯಿತು. ಚಿಕ್ಕಮ್ಮ ಬಾಗಿಲು ತೆರೆದಳು. ಹೊಸ್ತಿಲ ಮುಂದೆ ಹಿಂದಿನ ದಿನದ ಲಾರಿ ಚೆಲ್ಲಿಹೋದ ಕಪ್ಪು ನೀರಿನ ಗೆರೆ. ಹೊರಗಿನಿಂದ ದೊಡ್ಡವರೊಬ್ಬರು ಬರುತ್ತಿದ್ದಾರೆ, ಹೆಣ್ಣಂತೆ ಬೇರೆ. ಬಂದು ಇದನ್ನು ತುಳಿದು ನಿಲ್ಲುವುದೇ? ಅವಳ ಕೈ ತಡೆಯಲಿಲ್ಲ.

"ಚಿಕ್ಕಮ್ಮ, ಮೇಷ್ಟ್ರು ಏನು ಹೇಳಿದ್ದರು?"

"ನಮ್ಮ ಬಾಗಿಲೊಂದೇ ಕಣೇ. ಇದೊಂದು ತೊಳೆದ್ರೆ ಬೀದಿ ಬದಲಾಗಿಬಿಡುತ್ತಾ? ಬಂದೋರು ನಮ್ಮನ್ನ ಏನು ಅಂದ್ಕೋಬೇಕು?"

ಹೊದಿಕೆಗೆ ಹಾಕುವ ಘಮಘಮ ದ್ರಾವಣದ ಕೊನೆಯ ನೀರು ಒಂದು ಬಕೆಟ್ಟು ಉಳಿದಿತ್ತು. ಅದನ್ನೇ ಬಾಗಿಲಿಗೆ ಸುರಿದು ಪೊರಕೆಯಲ್ಲಿ ತಿಕ್ಕಿದಳು. ಎದುರು ಮನೆಯಲ್ಲೂ ಪೊರಕೆಯ ಸದ್ದು. ಅದರ ಪಕ್ಕದ ಮನೆಯಲ್ಲಿ ಫಿನಾಯಿಲು. ಮೆತ್ತಕ್ಕ ತಲೆ ಹೊರಗೆ ಹಾಕಿ ನೋಡುತ್ತಾಳೆ, ಬೀದಿಯುದ್ದಕ್ಕೂ ಪ್ರತಿಯೊಬ್ಬರೂ ಕಳ್ಳರ ಹಾಗೆ ಬಗ್ಗಿ ತಂತಮ್ಮ ಬಾಗಿಲೊಂದನ್ನೇ ತೊಳೆಯುತ್ತಿದ್ದಾರೆ. ಪಕ್ಕದವರ ಕಣ್ಣಿಗೆ ಬಿದ್ದಾಗ, "ನಮ್ಮದೊಂದೇ, ತೀರಾ ಕೊಳೆಯಾಗಿತ್ತು" ಎಂಬ ಮುಖ. ಬೇಕರಿಯವನು ಕೈ ಕಟ್ಟಿಕೊಂಡೇ ಕೂತಿದ್ದ, ನಿಜ. ಆದರೆ ಬಂದವರಿಗೆ ಕೊಡೋಣವೆಂದು ಒಲೆಯಲ್ಲಿ ಕೇಕು ಇಟ್ಟಿದ್ದ. ಅದರ ಪರಿಮಳ ಬೀದಿಯ ಮೇಲೆ ಹೊದಿಕೆ ಹಾಸಿದಂತೆ ಹಬ್ಬಿತ್ತು. ಮೇಷ್ಟ್ರ ಮನೆಯ ಮೆಟ್ಟಿಲೂ ಒದ್ದೆಯಾಗಿತ್ತು.

"ನಮ್ಮೆಜಮಾನ್ತಿ" ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ.

ಕೇಂದ್ರವನ್ನು ನೋಡಿ ಮುಗಿಸಿ ಬಂದ ಅಧಿಕಾರಿ ಜೀಪಿನಿಂದ ಇಳಿದರು. ಕನ್ನಡಕ, ಕೊಡೆ, ದಣಿದ ಮುಖ. ಜೊತೆಗೆ ಸೂಪರ್‌ವೈಸರು. ಅವನೂ ಸುಮ್ಮನಿರಲಿಲ್ಲ. ಬೆಳಗಿನ ಲಾರಿಗಳನ್ನು ಬೇಗನೆ ಸಾಗಹಾಕಿ, ಕೇಂದ್ರದ ನೆಲಕ್ಕೆಲ್ಲ ಸುಣ್ಣದ ಪುಡಿ ಎರಚಿಸಿದ್ದ. ಒಟ್ಟಿನಲ್ಲಿ ಗೋಡೆಯ ಈಚೆಯವರೂ ಆಚೆಯವರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಕೆಲಸ ಮಾಡಿದ್ದರು.

ಅಧಿಕಾರಿ ಬೀದಿಯಲ್ಲಿ ನಿಂತು ಉಸಿರೆಳೆದುಕೊಂಡರು. ಎಲ್ಲರೂ ಉಸಿರು ಬಿಗಿಹಿಡಿದರು.

"ಪರವಾಗಿಲ್ವಲ್ರೀ" ಎಂದರು ಅವರು. "ನಮ್ಮ ಆಫೀಸಿಗಿಂತ ಚೆನ್ನಾಗಿದೆ. ಕೇಕು ಮಾಡ್ತಾ ಇದೀರಾ ಯಾರಾದ್ರೂ?"

ಬೇಕರಿಯವನು ನೆಲ ನೋಡಿದ. ಮೇಷ್ಟ್ರ ಮುಖ ಒಣಗಿದ ಹಾಗಾಯಿತು. "ಹಾಗಲ್ಲ ಮೇಡಂ, ಇವತ್ತು ಮಾತ್ರ... ಬೇರೆ ದಿನ ಇಲ್ಲಿ ನಿಲ್ಲೋಕಾಗಲ್ಲ... ನಮ್ಮ ಹುಡುಗಿ ಹೇಳ್ತಾಳೆ. ಹೇಳಮ್ಮಾ."

ಮೆತ್ತಕ್ಕ ಮುಂದೆ ಬಂದಳು. ಬಾಯಿ ತೆರೆದಳು. ಅಧಿಕಾರಿ ಕಾದರು, ಜೀಪಿನ ಡ್ರೈವರೂ ಕಾದ. ಬಾಯಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ.

"ಇರಲಿ ಬಿಡಮ್ಮ" ಎಂದರು ಅಧಿಕಾರಿ. ಸಿಟ್ಟಿನಿಂದಲ್ಲ; ಹೊತ್ತಾಗುತ್ತಿದೆ ಎನ್ನುವ ದನಿಯಲ್ಲಿ. "ಬಯಲೊಂದು ನೋಡಿ ಹೊರಡ್ತೀನಿ. ಕೈ ತೊಳ್ಕೊಳೋಕೆ ಸ್ವಲ್ಪ ನೀರು ಸಿಗುತ್ತಾ? ಕೇಂದ್ರದ ಗೇಟು ಹಿಡಿದು ಗ್ರೀಸೆಲ್ಲ ಮೆತ್ಕೊಂಡಿದೆ."

ಚಿಕ್ಕಮ್ಮ ಮುಂದೆ ಬಂದಳು. "ಬನ್ನಿ ಮೇಡಂ, ನಮ್ಮ ಮನೆ ಹಿತ್ತಲಿಂದಾನೇ ಬಯಲಿಗೆ ದಾರಿ. ಏ ಪುಟ್ಟಿ, ಒಳಗಿಂದ ಟವೆಲು ತಗೊಂಬಾ. ಒಳ್ಳೇದು!"

ಒಳ್ಳೆಯದೆಂದರೆ ಇಸ್ತ್ರಿ ಮೇಜಿನ ಪಕ್ಕದ ಕಪಾಟಿನಲ್ಲಿ ಸಾಲಾಗಿ ಕೂತ ಲಾಡ್ಜಿನ ಬಿಳಿ ಟವೆಲು. ಮೆತ್ತಕ್ಕ ಅದರ ಮುಂದೆ ನಿಂತಳು. ಮನೆಯ ತೆರೆದ ಹಿಂಬಾಗಿಲಿನಿಂದ ಗೋಡೆ ಹಗ್ಗ ಕಾಣುತ್ತಿತ್ತು. ಅದರ ಮೇಲೆ ಮನೆಯ ಕೆಂಪು ಪಟ್ಟೆಯ ಟವೆಲು. ನಿನ್ನೆ ಒಗೆದು ಹಾಕಿದ್ದು, ಗಡಿಬಿಡಿಯಲ್ಲಿ ತೆಗೆಯಲು ಮರೆತದ್ದು. ನಿನ್ನೆ ಇಡೀ ಮಧ್ಯಾಹ್ನ ಗೋಡೆಯಾಚೆ ಲಾರಿಗಳು ತುಂಬಿಕೊಳ್ಳುತ್ತಿದ್ದವು.

ಕೈ ಬಿಳಿ ಟವೆಲಿನ ಕಡೆಗೆ ಹೋಯಿತು, ನಿಂತಿತು. ಹಾಸ್ಟೆಲಿನ ಕಿಟಕಿ ತೆರೆದ ಸದ್ದು ಅವಳಿಗೆ ಮತ್ತೆ ಕೇಳಿಸಿದಂತಾಯಿತು. ಮೂಗು ಮರೆಯುತ್ತದೆ, ಬಟ್ಟೆ ಮರೆಯುವುದಿಲ್ಲ. ಅವಳು ಹೊರಗೆ ಹೋಗಿ ಕೆಂಪು ಪಟ್ಟೆಯ ಟವೆಲನ್ನು ಎಳೆದುಕೊಂಡಳು.

ಚಿಕ್ಕಮ್ಮ ನೀರು ಹೊಯ್ಯುತ್ತಿದ್ದಳು. ಅಧಿಕಾರಿ ಕೈ ತೊಳೆದು, ಹಾಗೇ ಮುಖಕ್ಕೂ ನೀರು ಎರಚಿಕೊಂಡು, ಕಣ್ಣು ಮುಚ್ಚಿ ಕೈ ಚಾಚಿದರು. ಮೆತ್ತಕ್ಕ ಟವೆಲು ಕೊಟ್ಟಳು. ಚಿಕ್ಕಮ್ಮನ ಕಣ್ಣು ಕೆಂಪು ಪಟ್ಟೆಯ ಮೇಲೆ ಬಿದ್ದದ್ದೇ ತಡ, ತಂಬಿಗೆ ಕೈಜಾರಿತು.

ಅಧಿಕಾರಿ ಮುಖಕ್ಕೆ ಟವೆಲು ಒತ್ತಿಕೊಂಡರು. ಅಲ್ಲೇ ನಿಂತರು. ಮೆಲ್ಲಗೆ ಟವೆಲು ಇಳಿಸಿ, ಏನೂ ಆಗದವರಂತೆ ನಾಲ್ಕು ಮಡಿಕೆ ಮಾಡಿ, "ಥ್ಯಾಂಕ್ಸಮ್ಮ" ಎಂದು ವಾಪಸು ಚಾಚಿದರು. ಮುಖ ಇನ್ನೂ ಒದ್ದೆಯಾಗಿಯೇ ಇತ್ತು. ಒಗೆಯದ ಟವೆಲು ಕೊಟ್ಟಿದ್ದಾರೆ ಪಾಪ, ಎಂದುಕೊಂಡದ್ದು ಅವರ ಕಣ್ಣಿನಲ್ಲೇ ಇತ್ತು.

"ಅಯ್ಯೋ, ಅದು ನಮ್ಮ ಮನೇದು ಮೇಡಂ, ತಪ್ಪಾಗೋಯ್ತು" ಎಂದು ಚಿಕ್ಕಮ್ಮ ಟವೆಲು ಕಿತ್ತುಕೊಳ್ಳಲು ಬಂದಳು. ಕಿವಿಯವರೆಗೂ ಕೆಂಪಾಗಿದ್ದಳು. ಅವಳ ಹಿಂದೆ ಮನೆಯ ಹಿಂಬಾಗಿಲಿನಲ್ಲಿ ಬೀದಿಯ ಅರ್ಧ ಜನ. ಎಲ್ಲರಿಗಿಂತ ಮುಂದೆ ಲಾಡ್ಜಿನ ಮ್ಯಾನೇಜರು. "ಹುಡುಗಿಗೆ ಗೊತ್ತಾಗಲ್ಲ. ಒಳ್ಳೇದು ತಂದುಕೊಡ್ತೀನಿ, ಈಗ್ಲೇ..."

"ಬೇಡ ಚಿಕ್ಕಮ್ಮ."

ಮಾತು ಬಂದದ್ದು ಮೆತ್ತಕ್ಕನ ಬಾಯಿಂದ ಎಂದು ಎಲ್ಲರಿಗೂ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೇಕರಿಯವನು ಅಭ್ಯಾಸಬಲದಿಂದ ಕಿವಿಗೆ ಕೈ ಹಿಡಿದಿದ್ದವನು ಕೆಳಗಿಳಿಸಿದ.

"ಅದು ಒಗೆದಿರೋದೇ ಮೇಡಂ. ನಿನ್ನೆ ಒಗೆದಿದ್ದು. ನಮ್ಮ ಚಿಕ್ಕಮ್ಮನಷ್ಟು ಚೆನ್ನಾಗಿ ಈ ಊರಲ್ಲಿ ಯಾರೂ ಒಗೆಯಲ್ಲ. ಆ ಗೋಡೆ ಪಕ್ಕ ಒಣಗಿದೆ, ಅದಕ್ಕೇ ಹಾಗೆ. ಇಲ್ಲಿ ಏನು ಒಣಗಿದ್ರೂ ಹಾಗೇ. ನಮ್ಮ ಮೈಮೇಲಿರೋದೂ ಅಷ್ಟೇ." ಉಸಿರು ಸಾಲದೆ ನಿಂತಳು, ಮತ್ತೆ ಹೇಳಿದಳು. "ಬೀದೀನ ಇವತ್ತು ಬೆಳಿಗ್ಗೆ ತೊಳೆದಿದೀವಿ. ನೀವು ಬರ್ತೀರಂತ. ತೊಳೀಬಾರದು ಅಂತಲೇ ಮಾತಾಗಿತ್ತು. ಯಾರಿಗೂ ತಡೆಯೋಕಾಗಲಿಲ್ಲ."

ಚಿಕ್ಕಮ್ಮ ಮ್ಯಾನೇಜರ ಕಡೆಗೊಮ್ಮೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದನ್ನು ಸಾಕಿದ ಮಗಳೇ ಬಯಲಿಗೆ ಎಳೆದಿದ್ದಳು. ಬಯಲು ಉಳಿದರೂ ಇನ್ನು ಗಿರಾಕಿ ಉಳಿಯುತ್ತಾನೆಯೇ? ಮೆತ್ತಕ್ಕನಿಗೂ ಅದು ಆಗಲೇ ಹೊಳೆದದ್ದು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಅದನ್ನ ನೀವು ಯಾರಿಂದ ಮುಚ್ಚಿಡ್ತಿದ್ರಿ? ನಿಮ್ಮ ಮೂಟೆ ಬಂದ ಕೂಡಲೇ ನಮ್ಮ ಹುಡುಗರು ಮಹಡಿ ಮೇಲೆ ಗಾಳಿಗೆ ಹಾಕ್ತಾರೆ. ಆಮೇಲೇ ರೂಮಿಗೆ. ಗಾಳಿ ಜೋರಿದ್ದ ದಿನ ಆ ತುದಿ ಹಗ್ಗದ್ದೂ ಸ್ವಲ್ಪ ಬರುತ್ತೆ. ನಾವು ಹೇಳಿ ನಿಮಗೆ ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ವಿ."

"ಮತ್ತೆ... ಬೇರೆಯವರಿಗೆ ಕೊಡಬಾರದಿತ್ತಾ?" ಚಿಕ್ಕಮ್ಮನ ದನಿ ಮೆತ್ತಕ್ಕನದಕ್ಕಿಂತ ಮೆತ್ತಗಾಗಿತ್ತು.

"ಕೊಟ್ಟು ನೋಡಿದ್ದೆ ಒಂದ್ಸಲ. ವಾಸನೆ ಇರಲಿಲ್ಲ, ಕಲೆ ಹಾಗೇ ಇತ್ತು. ವಾಸನೆಯಾದ್ರೆ ಗಾಳಿಗೆ ಹೋಗುತ್ತೆ ಅಮ್ಮ, ಕಲೆ ಎಲ್ಲಿಗೆ ಹೋಗುತ್ತೆ?"

ಬೇಕರಿಯವನು ಮೊದಲು ನಕ್ಕ. ಆಮೇಲೆ ಎಲ್ಲರೂ. ಚಿಕ್ಕಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. ಕೈಗೆ ಸಿಕ್ಕಿದ್ದು ಆ ಕೆಂಪು ಪಟ್ಟೆಯ ಟವೆಲೇ.

ಅಧಿಕಾರಿ ಮಾತ್ರ ನಗದೆ ಗೋಡೆ ಹಗ್ಗದ ಕಡೆ ಹೋದರು. ಅಲ್ಲಿ ಒಣಗುತ್ತಿದ್ದ ಲಂಗವೊಂದನ್ನು ಮೂಗಿಗೆ ಹಿಡಿದರು. ಹಿತ್ತಲ ಬಾಗಿಲು ದಾಟಿ ಬಯಲಿನ ಮೊದಲ ಹಗ್ಗದ ಪರದೆ, ಅದರಾಚೆಯ ಹಗ್ಗದ ಹೊದಿಕೆ, ಹೀಗೆ ಒಂದೊಂದನ್ನೂ ಮೂಸುತ್ತ ಆ ತುದಿಯವರೆಗೆ ನಡೆದರು. ಇಡೀ ಬೀದಿ ಅವರ ಹಿಂದೆ ಹೊರಟಿತು, ಅವರು ಮೂಸಿದ್ದನ್ನೆಲ್ಲ ತಾವೂ ಮೂಸುತ್ತ. ಸುಮಾರು ಜನಕ್ಕೆ ಏನೂ ಗೊತ್ತಾಗಲಿಲ್ಲ.

"ನೀವೂ ನೋಡ್ರೀ" ಎಂದು ಅವರು ಸೂಪರ್‌ವೈಸರಿಗೆ ಹೊದಿಕೆಯ ಅಂಚು ಹಿಡಿದರು.

ಅವನು ಶಕ್ತಿಮೀರಿ ಉಸಿರೆಳೆದ. "ಸೋಪಿನ ವಾಸನೆ ಮೇಡಂ."

"ಇನ್ನೇನೂ ಇಲ್ವಾ?"

"ನಾನು ಅಲ್ಲೇ ಇರೋನಲ್ವಾ ಮೇಡಂ. ನನ್ನ ಮೂಗು ಕೇಳಿದ್ರೆ ನ್ಯಾಯ ಸಿಗಲ್ಲ." ತಲೆ ಕೆರೆದುಕೊಂಡು, ದನಿ ಇಳಿಸಿ ಹೇಳಿದ, "ನಮ್ಮನೆಯವಳು ನನ್ನ ಅಂಗೀನ ಒಳಗೆ ತರೋಕೆ ಬಿಡಲ್ಲ, ಅದೇನೋ ನಿಜ."

ಈ ಸಲ ಅಧಿಕಾರಿಗೂ ನಗು ಬಂತು. ಗೋಡೆಯಿಂದ ಆ ತುದಿಯ ಕಂಬದವರೆಗೆ ಒಮ್ಮೆ ಕಣ್ಣಳತೆ ಹಾಕಿದರು. "ಶೆಡ್ಡು ಇಲ್ಲಿವರೆಗೆ ಬಂದರೆ ಆ ಗೋಡೆ ಪಕ್ಕದ ಹಗ್ಗದ ಪಾಡು ಈ ಬೀದಿಯ ಎಲ್ಲ ಮನೆಗೂ ಬರುತ್ತೆ" ಎಂದರು, ಯಾರಿಗೆ ಎನ್ನದೆ. ಹೊರಡುವಾಗ ಬೇಕರಿಯವನ ಕೇಕಿನ ಒಂದು ತುಂಡು ತಿಂದರು. ಮೆತ್ತಕ್ಕನ ಹತ್ತಿರ ನಿಂತು, "ನಿನ್ನ ಮಾತು ಕಡಿಮೆ, ಟವೆಲು ಜೋರು" ಎಂದು ಬೆನ್ನು ತಟ್ಟಿ ಜೀಪು ಹತ್ತಿದರು.

ಆಮೇಲಿನ ದಿನಗಳಲ್ಲಿ ಚಿಕ್ಕಮ್ಮ ಹೆಚ್ಚು ಮಾತಾಡಲಿಲ್ಲ. ಸಿಟ್ಟೋ ಬೇಸರವೋ ಮೆತ್ತಕ್ಕನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಇಬ್ಬರೂ ಹೊದಿಕೆಯ ಎರಡು ತುದಿ ಹಿಡಿದು ಮಡಚುವಾಗ, ನಡುವೆ ಬಂದು ಸೇರುವ ಕ್ಷಣದಲ್ಲಿ ಮಾತ್ರ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಆಗ ಇಬ್ಬರೂ ಮಡಿಕೆಯನ್ನೇ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಸೂಪರ್‌ವೈಸರು ಅಂಗಿಗಳ ಗಂಟು ಹೊತ್ತು ಬಂದ. ಗಂಟು ಇಳಿಸಿದವನು ಹೊರಡದೆ ನಿಂತ.

"ಏನಪ್ಪಾ, ಗುಂಡಿ ಹೋಗಿದೆಯಾ?" ಎಂದಳು ಚಿಕ್ಕಮ್ಮ.

"ಇಲ್ಲಕ್ಕ. ದೊಡ್ಡ ಶೆಡ್ಡು ಇಲ್ಲಿ ಬರಲ್ವಂತೆ. ಊರಾಚೆ ಲಾರಿ ಅಡ್ಡೆ ಹತ್ರ ಜಾಗ ನೋಡಿದಾರಂತೆ. ನಮ್ಮದು ಈಗಿರೋ ಅಷ್ಟೇ ಇರುತ್ತೆ. ಅದಕ್ಕೂ ಮೇಲೆ ಚಾವಣಿ, ಮುಂದೆ ಶಟರು ಹಾಕಿಸ್ತಾರಂತೆ. ನಿನ್ನೆ ಆರ್ಡರು ಬಂತು."

ಚಿಕ್ಕಮ್ಮ ಕೈಯಲ್ಲಿದ್ದ ಸೋಪು ಕೆಳಗಿಟ್ಟಳು. ಒಗೆಯುವ ಕಲ್ಲಿನ ಮೇಲೆ, ಅದರ ಮೇಲಿದ್ದ ಒದ್ದೆ ಬಟ್ಟೆಯ ಸಮೇತ, ಕೂತುಬಿಟ್ಟಳು.

"ಸದ್ಯ" ಎಂದಳು. ಮತ್ತೊಂದು ಸಲ, "ಸದ್ಯ ಕಣೇ."

ಸೂಪರ್‌ವೈಸರು ಹೋದ. ಬೀದಿಯಲ್ಲಿ ಅವನು ಹೇಳುತ್ತ ಹೋದಂತೆ ಒಂದೊಂದೇ ಬಾಗಿಲಿನಿಂದ ಕೂಗು ಏಳುತ್ತಿತ್ತು. ಮೇಷ್ಟ್ರು ಯಾರನ್ನೋ ಅಪ್ಪಿಕೊಂಡ ಹಾಗೆ ಕೇಳಿಸಿತು. "ಬಿಡ್ರೀ ಮೇಷ್ಟ್ರೇ, ಹಿಟ್ಟು ಮೆತ್ತುತ್ತೆ" ಎಂದ ದನಿ ಬೇಕರಿಯವನದು. ಮೆತ್ತಕ್ಕನಿಗೆ ಎದೆಯೊಳಗೆ ಎಷ್ಟೋ ದಿನದಿಂದ ಹಿಂಡಿ ಹಿಡಿದಿದ್ದ ಬಟ್ಟೆಯನ್ನು ಯಾರೋ ಝಾಡಿಸಿ ಬಿಟ್ಟಂತಾಯಿತು. ಅವಳೂ ಚಿಕ್ಕಮ್ಮನ ಪಕ್ಕ ಕೂತಳು. ಲಂಗ ಒದ್ದೆಯಾಯಿತು, ಏಳಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದಳು ಚಿಕ್ಕಮ್ಮ. "ನಿನಗೆ ಹೆಂಗೆ ಗೊತ್ತಿತ್ತು? ಟವೆಲ್ಲಲ್ಲಿ ವಾಸನೆ ಇದೆ ಅಂತ. ನನಗೇ ಮೂಗಿಗೆ ಬರಲ್ಲ. ಯಾವತ್ತೋ ನನ್ನ ಅತ್ತೆ ಹೇಳಿದ್ದರು, ಗೋಡೆ ಪಕ್ಕ ಗಿರಾಕಿದು ಹಾಕಬೇಡ ಅಂತ. ಅದನ್ನೇ ಹಿಡ್ಕೊಂಡು ಬಂದೋಳು ನಾನು."

ಮೆತ್ತಕ್ಕ ಹಾಸ್ಟೆಲಿನ ಕಿಟಕಿಯ ಕಥೆ ಹೇಳಿದಳು. ನಲ್ಲಿಯ ಕೆಳಗೆ ಮತ್ತೆ ಒಗೆದದ್ದನ್ನೂ ಬಿಡಲಿಲ್ಲ. ಚಿಕ್ಕಮ್ಮ ಕೇಳುತ್ತ ಕೇಳುತ್ತ ಅವಳ ಕೈ ಹಿಡಿದುಕೊಂಡಳು. ಸೋಪಿನ ಜಾರುಗೈ.

"ಇಷ್ಟು ವರ್ಷ ಹೇಳದೆ ಇದ್ಯಲ್ಲೇ, ಮಳ್ಳಿ."

"ನಿನಗೆ ಬೇಜಾರಾಗುತ್ತೆ ಅಂತ."

"ಮ್ಯಾನೇಜರೂ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ನೀನೂ ಹೇಳ್ಲಿಲ್ಲ. ನನಗೆ ಬೇಜಾರಾದ್ರೆ ಆಕಾಶ ಕಳಚಿ ಬೀಳುತ್ತಾ? ಎಲ್ಲರೂ ಸೇರ್ಕೊಂಡು ನನ್ನನ್ನ ಗಾಜಿನ ಲೋಟ ಮಾಡ್ಬಿಟ್ರಲ್ಲ!"

ಬೈದು, ಎದ್ದು, ಸೆರಗು ಸಿಕ್ಕಿಸಿಕೊಂಡು ಗೋಡೆ ಹಗ್ಗದ ಹತ್ತಿರ ಹೋದಳು. ಅಲ್ಲಿ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಮೆತ್ತಕ್ಕನ ಚೂಡಿದಾರಗಳನ್ನು ಒಂದೊಂದಾಗಿ ತೋಳಿನ ಮೇಲೆ ಹಾಕಿಕೊಂಡು ಬಯಲಿಗೆ ನಡೆದಳು. ಮೆತ್ತಕ್ಕ ಬಾಗಿಲಿನಿಂದ ನೋಡಿದಳು. ಆ ತುದಿಯ ಹಗ್ಗದಲ್ಲಿ ಚಿಕ್ಕಮ್ಮ ಲಾಡ್ಜಿನ ಬಿಳಿ ಹೊದಿಕೆಗಳನ್ನು ಆಚೆಗೂ ಈಚೆಗೂ ಸರಿಸಿ ನಡುವೆ ಜಾಗ ಮಾಡುತ್ತಿದ್ದಳು.

"ಚಿಕ್ಕಮ್ಮ, ಅದು ಗಿರಾಕಿದು!"

ಮೆತ್ತಕ್ಕ ಕೂಗಿದ ಕೂಗು ಬಯಲು ದಾಟಿ ಹೋಯಿತು. ಗೋಡೆಯಾಚೆ ಯಾರೋ ಏನಾಯಿತೆಂದು ಇಣುಕಿದರು.

"ಗೊತ್ತು" ಎಂದಳು ಚಿಕ್ಕಮ್ಮ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ. "ಸ್ವಲ್ಪ ಸರಿದುಕೊಳ್ಳಲಿ ಅವರೂ."